ಸಾಮಿ ಆಡ್ತಾರೆ ಅಂತ ಬರೆದೆ

ಓದೋ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ನಲವತ್ತು ದಾಟಿದ ಮೇಲೆ. ಫೋನಲ್ಲಿ ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೀತೀನಿ, ಒಂದು ಸಾಲು ಮುಗಿಯೋದ್ರೊಳಗೆ ಟೀ ಆರೋಗಿರುತ್ತೆ. ಅದೂ ಅಲ್ದೆ ನಮ್ಮ ಬೂದಿಕೋಟೆ ಕಡೆಯೋರ ಬಾಯಲ್ಲಿ ಹ ಅನ್ನೋ ಅಕ್ಷರ ನಿಲ್ಲಲ್ಲ. ಹೋಗು ಅನ್ನೋದು ಓಗು, ಹಾಲು ಅನ್ನೋದು ಆಲು. ಬರೆಯೋಕೆ ಕೂತಾಗ ಎಲ್ಲಿ ಬಿಟ್ಟುಬಿಡ್ತೀನೋ ಅನ್ನೋ ಭಯಕ್ಕೆ ಬೇಡದ ಕಡೆ ಹ ಹಾಕಿರ್ತೀನಿ, ಬೇಕಾದ ಕಡೆ ಮರ್ತಿರ್ತೀನಿ. ಅಂಥದ್ದು ಕಂಡ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಆದ್ರೆ ಈಗ ಹೇಳಕ್ಕೆ ಹೊರಟಿರೋ ಮಾತಲ್ಲಿ ಅಕ್ಷರ ಎಲ್ಲಾ ಸರಿಯಾಗೇ ಇತ್ತು. ಅದೇ ಕಷ್ಟ ಆಗಿದ್ದು.

ಬಂಗಾರಪೇಟೇಲಿ ಒಂದು ಟಾಕೀಸಿತ್ತು. ಮದುವೆಗೆ ಮುಂಚಿನಿಂದ ಅದರ ಗೇಟಲ್ಲಿ ಟಿಕೆಟ್ ಹರಿಯೋ ಕೆಲಸ ನಂದು. ಜನ ಎಲ್ಲಾ ಒಳಗೆ ಹೋದ ಮೇಲೆ ನಾನೂ ಬಾಗಿಲ ಪಕ್ಕ ಗೋಡೆಗೆ ಒರಗಿಕೊಂಡು ನಿಲ್ತಿದ್ದೆ. ಅಲ್ಲಿಂದ ಪರದೆ ಸೊಟ್ಟಗೆ ಕಾಣೋದು, ಜನದ ಮುಖ ನೆಟ್ಟಗೆ ಕಾಣೋದು. ಒಂದೇ ಸಿನಿಮಾನ ತಿಂಗಳುಗಟ್ಲೆ ನೋಡಿದ್ರೆ ಪರದೆ ಮೇಲೆ ಮುಂದೆ ಏನು ಅಂತ ಬಾಯಿಪಾಠ ಆಗಿರುತ್ತೆ. ಜನ ಎಲ್ಲಿ ನಗ್ತಾರೆ, ಎಲ್ಲಿ ಶಿಳ್ಳೆ ಹಾಕ್ತಾರೆ, ಯಾರು ಕಣ್ಣೊರೆಸ್ಕೊಂಡು ಪಕ್ಕದೋರು ನೋಡಿದ್ರಾ ಅಂತ ತಿರುಗ್ತಾರೆ, ಅದು ಮಾತ್ರ ದಿನಾ ಹೊಸದು. ಸಿನಿಮಾ ಬಗ್ಗೆ ನನಗೆ ಏನಾದ್ರೂ ಗೊತ್ತಿದ್ರೆ ಆ ಗೋಡೆ ಹೇಳಿಕೊಟ್ಟಿದ್ದು. ಈಗ ಆ ಟಾಕೀಸು ಹುಣಸೆಹಣ್ಣಿನ ಗೋಡೌನು. ನಾನು ರೈಲ್ವೆ ಸ್ಟೇಷನ್ ಹತ್ರ ಬೈಕ್ ಸ್ಟ್ಯಾಂಡಲ್ಲಿ ಟೋಕನ್ ಕೊಡ್ತೀನಿ. ಬೆಳಿಗ್ಗೆ ಬೆಂಗಳೂರು ರೈಲಿಗೆ ಜನ ಹತ್ತಿ ಹೋದ್ರೆ ಸಾಯಂಕಾಲದವರೆಗೂ ಸಾಲಾಗಿ ನಿಂತಿರೋ ಬೈಕುಗಳು, ನಾನು, ನನ್ನ ಫೋನು.

ನನ್ನನ್ನ ಪರೀಕ್ಷೆಗೆ ಕಟ್ಟಿಸಿ, ತಮ್ಮ ಮನೆ ಜಗಲೀಲಿ ಕೂರಿಸ್ಕೊಂಡು ಪಾಠ ಹೇಳಿದೋರು ಒಬ್ಬ ಕನ್ನಡ ಮೇಷ್ಟ್ರು. ರಿಟೈರಾದ ಮೇಲೆ ಅವರು ಫೋನಲ್ಲಿ ಓದೋರ ಗುಂಪೊಂದು ಮಾಡಿದಾರೆ. ಬಂಗಾರಪೇಟೆ, ಕೋಲಾರ, ಬೆಂಗಳೂರಿನೋರೆಲ್ಲ ಇದಾರೆ. ಒಂದು ದಿನ ಸ್ಟ್ಯಾಂಡಿಗೆ ಬಂದು, "ನೀನು ಇಷ್ಟು ಸಿನಿಮಾ ನೋಡಿದ್ದೀಯಲ್ಲ, ಗುಂಪಿಗೆ ಬರಿ" ಅಂದ್ರು.

"ನಾನೇನ್ ಬರೀಲಿ ಸಾ? ಚೆನ್ನಾಗೈತೆ, ಚೆನ್ನಾಗಿಲ್ಲ, ಅಷ್ಟೇ ಅಲ್ವಾ?"

"ಅದಲ್ಲಪ್ಪ. ಕಥೆ ಹೇಳೋನು ಯಾರ ಪಕ್ಕ ನಿಂತ್ಕೊಂಡು ಹೇಳ್ತಿದಾನೆ ನೋಡು. ಯಾರ ಮಾತಿಗೆ ಜನ ಕೈ ಮುಗಿಯೋ ಹಂಗೆ ಮಾಡಿದಾನೆ, ಯಾರ ಮಾತಿಗೆ ನಗೋ ಹಂಗೆ ಮಾಡಿದಾನೆ. ಅದೇ ಸಿನಿಮಾದ ರಾಜಕೀಯ."

"ಎಲೆಕ್ಷನ್ ಏನೂ ಇಲ್ದಿದ್ರೂನಾ?"

"ಎಲೆಕ್ಷನ್ ಇಲ್ದೇ ಇರೋ ಕಡೆನೇ ಜಾಸ್ತಿ ಕಣಯ್ಯ."

ಆ ಮಾತು ನನಗೆ ಹಿಡಿಸ್ತು. ಅವತ್ತಿಂದ ಬರೆಯೋಕೆ ಶುರು ಮಾಡ್ದೆ. ಒಂದಿಷ್ಟು ಜನ ಚೆನ್ನಾಗಿದೆ ಅಂತಿದ್ರು. ಓದು ಬರಹ ಲೇಟಾಗಿ ಕಲ್ತೋನಿಗೆ ಹೊಗಳಿಕೆ ಬೇಗ ತಲೆಗೆ ಏರುತ್ತೆ.

ಹೋದ ವರ್ಷ ಒಂದು ದೇವರ ಸಿನಿಮಾ ಬಂತು. ನೋಡೋಕೆ ಮುಂಚೆನೇ ಗುಂಪಲ್ಲಿ ಜಗಳ. ಅರ್ಧ ಜನ ಇದು ನಮ್ಮ ಮಣ್ಣಿನ ಸಂಸ್ಕೃತಿ, ಎಲ್ಲಾರೂ ನೋಡ್ಲೇಬೇಕು ಅಂದ್ರು. ಇನ್ನರ್ಧ ಜನ ಇದು ಮೂಢನಂಬಿಕೆ, ಜನಾನ ಹಿಂದಕ್ಕೆ ಎಳೀತಾರೆ ಅಂದ್ರು. ಮೇಷ್ಟ್ರು ನನಗೆ ಫೋನ್ ಮಾಡಿ, "ನೀನು ಯಾವ ಕಡೇನೂ ಇಲ್ಲ. ನೋಡ್ಕೊಂಡು ಬಂದು ಸರಿಯಾಗಿ ತೂಕ ಹಾಕಿ ಬರಿ" ಅಂದ್ರು. ನನಗೆ ಕೊಂಬು ಬಂದಂಗಾಯ್ತು.

ಸಿನಿಮಾಗೆ ಹೆಂಡತೀನ, ಅತ್ತೇನ ಕರ್ಕೊಂಡು ಹೋದೆ. ಅತ್ತೆ ಬಗ್ಗೆ ಇಲ್ಲೇ ಹೇಳ್ಬಿಡ್ತೀನಿ. ಅವರಿರೋದು ಕೆಜಿಎಫ್‌ನ ನಂದಿದುರ್ಗದ ಲೈನ್ ಮನೇಲಿ, ಗಣಿ ಕೆಲಸದೋರಿಗೆ ಅಂತ ಸಾಲಾಗಿ ಕಟ್ಟಿದ ಮನೆಗಳು ಅವು. ಮಾವ ಗಣಿ ಒಳಗೆ ಇಳೀತಿದ್ದೋರು, ಈಗಿಲ್ಲ. ಮನೆ ಮಾತು ತಮಿಳು. ನನ್ನ ಜೊತೆ ತಮಿಳು ಸೇರಿಸಿ ಕನ್ನಡ ಮಾತಾಡ್ತಾರೆ, ಮಾಪ್ಳೆ ಅಂತ ಕರೀತಾರೆ. ಅಳಿಯ ಅಂತ ಅರ್ಥ. ಲೈನಲ್ಲಿ ಆಡಿ ತಿಂಗಳು ಅಂದ್ರೆ ಹೆಚ್ಚೂಕಮ್ಮಿ ನಮ್ಮ ಆಷಾಢ. ಆಗ ಒಂದು ಭಾನುವಾರ ಅಮ್ಮನ ಗುಡಿ ಮುಂದೆ ರಾಗಿ ಅಂಬಲಿ ಕಾಯಿಸಿ ಎಲ್ಲಾರಿಗೂ ಹುಯ್ತಾರೆ. ಅದನ್ನ ಕೂಳು ಅಂತಾರೆ. ಹುಯ್ಯೋಕೆ ಮುಂಚೆ ಉಡುಕ್ಕೆ ಬಾರಿಸ್ತಾರೆ. ಉಡುಕ್ಕೆ ಅಂದ್ರೆ ಕೈಯಲ್ಲಿ ಹಿಡಿಯೋ ಸಣ್ಣ ಡೋಲು. ಆ ಸದ್ದಿಗೆ ಅತ್ತೆ ಮೈಮೇಲೆ ಅಮ್ಮ ಬರ್ತಾಳೆ. ಹೆಂಗಸರು ಸುತ್ತ ನಿಂತು ಕಷ್ಟ ಸುಖ ಕೇಳ್ತಾರೆ, ಅಮ್ಮ ಹೇಳ್ತಾಳೆ, ಆಮೇಲೆ ಕೂಳು.

ನಮ್ಮೂರ ಕಡೆ ಇದಕ್ಕೆ ಮೈಮೇಲೆ ಬರೋದು ಅಂತೀವಿ. ಲೈನಲ್ಲಿ ಸಾಮಿ ಆಡೋದು ಅಂತಾರೆ. ತಮಿಳು ಮಾತು, ಕನ್ನಡ ಮಾತಾಡುವಾಗಲೂ ಅದನ್ನೇ ಹೇಳ್ತಾರೆ. ಮದುವೆ ಆದ ಹೊಸದ್ರಲ್ಲಿ ನನಗೆ ನಗು ಬಂದಿತ್ತು.

"ಆಡೋದು ಅಂದ್ರೆ? ನಾಟಕ ಆಡೋದಾ ನಿಮ್ಮಮ್ಮ?" ಅಂತ ಹೆಂಡತೀನ ಕೇಳಿದ್ದೆ.

ಅವಳು ಪಾತ್ರೆ ತೊಳೀತಿದ್ದೋಳು ತಿರುಗಿ ನೋಡಿದ್ಲು. "ಗಾಳಿ ಬಂದ್ರೆ ಮರ ಆಡಲ್ವಾ? ಮರ ನಾಟಕ ಮಾಡುತ್ತಾ?"

ಆಮೇಲೆ ನಾನು ಕೇಳಿಲ್ಲ. ವರ್ಷ ಕಳೀತಾ ನನ್ನ ಬಾಯಿಗೂ ಅದೇ ಮಾತು ಬಂತು. ನಮ್ಮತ್ತೆ ಸಾಮಿ ಆಡ್ತಾರೆ ಅಂತ ಎಷ್ಟೋ ಜನಕ್ಕೆ ಹೇಳಿದ್ದೀನಿ, ಮನಸಲ್ಲಿ ಗಾಳಿ ಮರ ಇಟ್ಕೊಂಡೇ ಹೇಳಿದ್ದೀನಿ.

ಇನ್ನೊಂದು ವಿಷಯ ಹೇಳ್ಬೇಕು. ನಾನು ಪರೀಕ್ಷೆಗೆ ಕಟ್ಟಿದ ವರ್ಷ ಎಲ್ಲಾ ಕಡೆ ನಗೆಪಾಟಲು. ಸ್ಟ್ಯಾಂಡಲ್ಲಿ ಬೈಕ್ ಬಿಡೋರು, "ಏನ್ಲಾ, ಮಗಳ ಜೊತೆ ನೀನೂ ಚೀಲ ತಗ್ಲಾಕ್ಕೊಂಡು ಓಯ್ತೀಯಾ ಸ್ಕೂಲ್ಗೆ?" ಅಂತ ಕೇಳೋರು. ಬಿಟ್ಬಿಡೋಣ ಅನ್ಸಿತ್ತು. ಆ ಆಡೀಲಿ ನಾನು ಹಿಂದೆ ಗಂಡಸರ ಜೊತೆ ನಿಂತಿದ್ದೆ. ಅಮ್ಮ ಹೆಂಗಸರನ್ನ ಸರಿಸ್ಕೊಂಡು ನೇರ ನನ್ನ ಮುಂದೆ ಬಂದ್ಲು. ಅರಿಶಿನದ ಕೈ ತಲೆ ಮೇಲೆ ಇಟ್ಟು, "ಪಡಿ. ಎಳುತ್ತು ವರುಂ" ಅಂದ್ಲು. ಓದು, ಅಕ್ಷರ ಬರುತ್ತೆ ಅಂತ. ಬಂದಿದ್ದು ಅಮ್ಮಾನೋ ಅತ್ತೇನೋ ನನಗೆ ಗೊತ್ತಿಲ್ಲ. ಯಾರಾದ್ರೂ ಸರಿ, ಆ ಮಾತಿಂದ ಅಕ್ಷರ ಬಂತು. ಆ ಅಕ್ಷರದಲ್ಲೇ ನಾನು ಮಾಡಿದ್ದು ಈ ಕೆಲಸ.

ಸಿನಿಮಾ ನೋಡಿದ್ದು ಕೆಜಿಎಫ್ ಪೇಟೆ ಟಾಕೀಸಲ್ಲಿ. ಈ ಸಲ ಗೋಡೆಗೆ ಒರಗಿ ಅಲ್ಲ, ಸೀಟಲ್ಲಿ ಕೂತು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಅತ್ತೆ. ಅತ್ತೆ ತಲೆಗೆ ಮಲ್ಲಿಗೆ ಮುಡ್ಕೊಂಡು ಬಂದಿದ್ರು. ದೇವರ ಸಿನಿಮಾ ಅಲ್ವಾ.

ಕಥೆ ಇಷ್ಟೇ. ಊರ ಕೆರೆ ಮುಚ್ಚಿ ಸೈಟು ಮಾಡೋಕೆ ಒಬ್ಬ ಕಂಟ್ರಾಕ್ಟ್ರು ಬರ್ತಾನೆ. ಕೆರೆ ಏರಿ ಮೇಲೆ ಊರಿನ ದೊಡ್ಡ ಮನೆಯೋರ ಮುತ್ತಜ್ಜಿ ಗುಡಿ. ಅವಳು ಸತ್ತು ದೇವರಾದೋಳು. ಕೆರೆ ಪಕ್ಕದ ಇಟ್ಟಿಗೆ ಗೂಡಲ್ಲಿ ಕೂಲಿಗೆ ಬಂದಿರೋ ಹೆಂಗಸೊಬ್ಬಳ ಮೈಮೇಲೂ ಒಂದು ದೇವರು ಬರುತ್ತೆ. ಕೆರೆ ಮುಚ್ಚಿ, ನಾನು ಒಪ್ಪಿದ್ದೀನಿ ಅನ್ನುತ್ತೆ ಆ ದೇವರು. ಅವಳು ಕಂಟ್ರಾಕ್ಟ್ರು ಹೇಳಿಕೊಟ್ಟಂಗೆ ಕುಣೀತಿದ್ಲು ಅಂತ ಆಮೇಲೆ ಗೊತ್ತಾಗುತ್ತೆ. ಕೊನೆಗೆ ಮುತ್ತಜ್ಜಿ ದೊಡ್ಡ ಮನೆ ಸೊಸೆ ಮೈಮೇಲೆ ಬಂದು ಎಲ್ಲಾರನ್ನೂ ವಿಚಾರಿಸ್ಕೊಳ್ತಾಳೆ, ಕೆರೆ ಉಳಿಯುತ್ತೆ.

ಮುತ್ತಜ್ಜಿ ಮೊದಲನೇ ಸಲ ಪರದೆ ಮೇಲೆ ಬಂದಾಗ ಟಾಕೀಸೆಲ್ಲಾ ನಿಶ್ಶಬ್ದ ಆಯ್ತು. ಅತ್ತೆ ಬಗ್ಗಿ ಚಪ್ಪಲಿ ಬಿಚ್ಚಿ, ಕಾಲಿಂದ ಸೀಟು ಕೆಳಗೆ ತಳ್ಳಿ, ಕೈ ಮುಗಿದ್ರು. ನನ್ನ ಹಳೇ ಚಾಳಿ, ಪರದೆ ಬಿಟ್ಟು ಪಕ್ಕಕ್ಕೆ ನೋಡೋದು. ಅದಕ್ಕೇ ಕಾಣಿಸ್ತು.

ಆಮೇಲೆ ಕೂಲಿ ಹೆಂಗಸಿನ ಸೀನು. ಅವಳು ತಲೆ ಬಿಚ್ಕೊಂಡು ಕುಣೀತಾ ತಮಿಳು ಬೆರೆಸಿದ ಕನ್ನಡದಲ್ಲಿ, "ಅಮ್ಮ ಬಂದ್ರುಕ್ಕೇನ್ ಡಾ! ಕೋಳಿ ಎಲ್ಲಿ ಡಾ!" ಅಂತಾಳೆ. ಟಾಕೀಸು ಬಿದ್ದು ಬಿದ್ದು ನಕ್ತು. ಆ ಟಾಕೀಸಲ್ಲಿ ಅರ್ಧಕ್ಕರ್ಧ ಜನ ಮನೇಲಿ ತಮಿಳು ಮಾತಾಡೋರೇ. ಅವರೂ ನಕ್ರು. ನಾನೂ ನಕ್ಕೆ. ನಗ್ತಾ ಪಕ್ಕಕ್ಕೆ ನೋಡ್ದೆ. ಅತ್ತೆ ನಗ್ತಾ ಇರ್ಲಿಲ್ಲ. ಅವರ ಕಾಲು ಸೀಟು ಕೆಳಗೆ ಕತ್ತಲಲ್ಲಿ ಚಪ್ಪಲಿ ಹುಡುಕ್ತಾ ಇತ್ತು. ಸಿಕ್ತು. ಹಾಕ್ಕೊಂಡ್ರು. ಆಮೇಲೆ ಮುತ್ತಜ್ಜಿ ಇನ್ನೂ ಎಷ್ಟೋ ಸಲ ಬಂದ್ಲು, ಅತ್ತೆ ಮತ್ತೆ ಬಿಚ್ಚಲಿಲ್ಲ.

ಆಚೆ ಬಂದು ಬಸ್ಸಿಗೆ ಕಾಯೋವಾಗ ಅತ್ತೆ ಕೇಳಿದ್ರು. "ಮಾಪ್ಳೆ, ಆ ಕೂಲಿಯಮ್ಮನ ಮೇಲೆ ಬಂದಿದ್ದು ಪೊಯ್ಯಾ? ಸುಳ್ಳಾ?"

"ಸಿನಿಮಾ ಅತ್ತೆ ಅದು."

"ಸಿನಿಮಾ ಅಂತ ನನ್ಗೂ ತೆರಿಯುಂ, ಗೊತ್ತು. ಅವ್ಳೊಬ್ಳೇ ಯಾಕೆ ನಮ್ಮಂಗೆ ಮಾತಾಡ್ತಾಳೆ?"

"ಬಿಡಮ್ಮಾ, ಮೂರ್ ಗಂಟೆ ಕೂತು ನನ್ ಸೊಂಟ ಓಯ್ತು, ನಿಂಗೆ ಭಾಷೆ ಚಿಂತೆ" ಅಂದ್ಲು ನನ್ನ ಹೆಂಡತಿ. ಬಸ್ಸು ಬಂತು.

ಬರೆಯೋಕೆ ವಾರದ ಮೇಲೆ ಹಿಡೀತು. ಬೈಕುಗಳ ನೆರಳಲ್ಲಿ ಸ್ಟೂಲ್ ಹಾಕ್ಕೊಂಡು ಒತ್ತಿದೆ, ಅಳಿಸ್ದೆ, ಒತ್ತಿದೆ. ಮೇಷ್ಟ್ರು ಹೇಳಿದಂಗೆ ತೂಕ ಹಾಕ್ದೆ. ಇದು ಸಂಸ್ಕೃತೀನಾ ಮೂಢನಂಬಿಕೇನಾ ಅನ್ನೋದು ಜಗಳ ಅಲ್ಲ, ಈ ಸಿನಿಮಾದಲ್ಲಿ ಎರಡು ದೇವರು ಇದಾವೆ, ಜಗಳ ಆ ಎರಡರ ಮಧ್ಯೆ ಅಂತ ಬರೆದೆ. ದೊಡ್ಡ ಮನೆ ದೇವರು ನಿಜ, ಇಟ್ಟಿಗೆ ಗೂಡಿನ ದೇವರು ಸುಳ್ಳು ಅಂತ ಸಿನಿಮಾ ಮೊದಲೇ ತೀರ್ಮಾನ ಮಾಡಿದೆ ಅಂತ ಬರೆದೆ. ನಿಜವಾದ ದೇವರಿಗೆ ಪುಸ್ತಕದ ಕನ್ನಡ, ಸುಳ್ಳು ದೇವರಿಗೆ ನಮ್ಮ ಗಡಿ ಕನ್ನಡ. ಕೆರೆ ಉಳಿಸಿದ್ದು ಒಳ್ಳೇದೇ, ಆದ್ರೆ ಕೆರೆ ದೊಡ್ಡ ಮನೆಯೋರದ್ದೇ ಅನ್ನಂಗೆ ಮುಗಿಸಿದ್ದು ಯಾಕೆ ಅಂತ ಕೇಳಿದೆ. ಅಲ್ಲಿಗೆ ನಿಲ್ಲಿಸಿದ್ರೆ ಇವತ್ತಿಗೂ ಅದು ನಾನು ಬರೆದಿದ್ರಲ್ಲೇ ಚೆನ್ನಾಗಿರೋದು ಅಂತೀನಿ.

ನಿಲ್ಲಿಸ್ಲಿಲ್ಲ. ಗುಂಪಲ್ಲಿ ಓದಿದೋರು ಇದಾರೆ, ಇವನು ದೇವರು ಗೀವರು ಅಂತ ನಂಬೋ ಪೈಕಿ ಅನ್ಕೊಂಡ್ಬಿಟ್ರೆ? ನನ್ನ ತಕ್ಕಡಿ ಸಮ ಇದೆ ಅಂತ ತೋರಿಸ್ಬೇಕಿತ್ತು. ಕೊನೇಲಿ ಇಷ್ಟು ಸೇರಿಸ್ದೆ: "ಹಾಗಂತ ಇಂಥದ್ದು ಇಲ್ಲವೇ ಇಲ್ಲ ಅಂತಲ್ಲ. ನಂದಿದುರ್ಗದ ನಮ್ಮ ಲೈನಿನಲ್ಲೂ ನಮಗೆ ಬೇಕಾದವರೊಬ್ಬರು ವರ್ಷಾ ವರ್ಷಾ ಸಾಮಿ ಆಡ್ತಾರೆ. ತೆಲುಗಿನವರು ಬಂದು ಕೇಳಿದರೆ ಅವರ ಸಾಮಿ ತೆಲುಗಿನಲ್ಲೇ ಉತ್ತರ ಕೊಡುತ್ತೆ. ಅವರು ಒಂದು ತೆಲುಗು ಸೀರಿಯಲ್ಲೂ ಬಿಡುವುದಿಲ್ಲ."

ಹಾಕೋಕೆ ಮುಂಚೆ ಮೇಷ್ಟ್ರಿಗೆ ಕಳಿಸ್ದೆ. ಅವರು ಫೋನ್ ಮಾಡಿದ್ರು.

"ಎಲ್ಲಾ ಸರಿ ಇದೆ. ಒಂದು ಕಡೆ ಅನುಮಾನ. ಸಾಮಿ ಆಡ್ತಾರೆ ಅಂತ ಬರ್ದಿದ್ದೀಯ. ನಿನ್ನ ಹಕಾರದ ಕಥೆ ನಂಗೊತ್ತಲ್ಲ. ಅದು ಆಡೋದೋ, ಹಾಡೋದೋ?"

"ಆಡೋದೇ ಸಾ."

ಮೇಷ್ಟ್ರು ಜೋರಾಗಿ ನಕ್ರು. "ಆಡೋದೇ ಆದ್ರೆ ಭೇಷ್! ಒಂದೇ ಪದದಲ್ಲಿ ಬಯಲು ಮಾಡ್ಬಿಟ್ಟೆಯಲ್ಲಯ್ಯ. ಮೊನಚು ಬಂದಿದೆ ನಿನ್ನ ಕೈಗೆ."

ಅವರು ಯಾಕೆ ನಕ್ರು ಅಂತ ನನಗೆ ಆ ಕ್ಷಣವೇ ಗೊತ್ತಾಯ್ತು. ಅವರ ಕಿವಿಗೆ ಅದು ನಾಟಕ ಆಡ್ತಾರೆ ಅಂತ ಕೇಳಿಸಿತ್ತು. ಇಲ್ಲ ಸಾ, ಅದು ಲೈನಿನ ಮಾತು, ಗಾಳಿಗೆ ಮರ ಆಡೋ ಹಂಗೆ ಅಂತ ಹೇಳೋಕೆ ಬಾಯಿ ತೆರೆದೆ. ಭೇಷ್ ಅನ್ನೋದು ಕಿವೀಲಿ ಇನ್ನೂ ಇತ್ತು. "ಊಂ ಸಾ" ಅಂದೆ. ಪದ ಬದಲಾಯಿಸ್ಲಿಲ್ಲ.

ಗುಂಪಲ್ಲಿ ಆ ಬರಹ ಓಡ್ತು. ಮೇಲೆ ಬರೆದ ತೂಕದ ಮಾತು ಯಾರಿಗೂ ಬೇಕಾಗ್ಲಿಲ್ಲ. ಎಲ್ಲಾರೂ ಹಿಡ್ಕೊಂಡಿದ್ದು ಕೊನೇ ಸಾಲು. ಜಗಳ ಆಡ್ತಿದ್ದ ಎರಡು ಕಡೆಯೋರೂ ಅಲ್ಲಿ ಒಂದಾದ್ರು. ಸಂಸ್ಕೃತಿ ಅಂದೋರು "ನೋಡಿ, ಇಂಥ ಡೂಪ್ಲಿಕೇಟ್‌ಗಳನ್ನೇ ಸಿನಿಮಾ ತೋರಿಸಿರೋದು" ಅಂದ್ರು. ಮೂಢನಂಬಿಕೆ ಅಂದೋರು "ಸೀರಿಯಲ್ ಸಾಮಿ" ಅಂತ ಹೆಸರಿಟ್ರು. ನಗೋ ಮುಖದ ಬೊಂಬೆಗಳು ಸಾಲಾಗಿ ಬಂದ್ವು. ಓದೋಕಾಗ್ದೆ ಫೋನ್ ಜೇಬಿಗೆ ಹಾಕ್ತಿದ್ದೆ, ಆದ್ರೂ ಎಷ್ಟು ಬಂದಿದೆ ಅಂತ ಮತ್ತೆ ಮತ್ತೆ ತೆಗೆದು ನೋಡ್ತಿದ್ದೆ. ಎರಡೂ ನಿಜ.

ಲೈನಿಗೂ ಅದು ತಲುಪ್ತು. ಆಗ ಆಗಿದ್ದೇ ನನ್ನನ್ನ ಜಾಸ್ತಿ ಕೊರೀತಿರೋದು. ಅಲ್ಲಿ ಯಾರಿಗೂ ಬೇಜಾರಾಗ್ಲಿಲ್ಲ. ಪಕ್ಕದ ಮನೆ ಹೆಂಗಸು ಕನ್ನಡ ಓದಬಲ್ಲೋಳು. ನಲ್ಲಿ ಹತ್ರ ಕೊಡ ಇಟ್ಕೊಂಡು ನಿಂತೋರಿಗೆಲ್ಲ ಸಾಮಿ ಆಡ್ತಾರೆ ಅನ್ನೋವರೆಗೆ ಓದಿ ಹೇಳಿದ್ಲಂತೆ. ಅವರ ಕಿವಿಗೆ ಆ ಮಾತಲ್ಲಿ ಏನೂ ತಪ್ಪಿಲ್ಲ. ನಮ್ಮ ಲೈನಿನ ಅಮ್ಮನ ಬಗ್ಗೆ ಬರೆದವ್ರೆ ಅಂತ ಖುಷಿ ಪಟ್ರಂತೆ.

ಮಾರನೇ ಭಾನುವಾರ ಅತ್ತೆ ಚಕ್ಕುಲಿ ಥರದ ಮುರುಕು ಕರಿದು, ಡಬ್ಬ ತುಂಬಿಸ್ಕೊಂಡು, ಬಂಗಾರಪೇಟೆಗೆ ಬಂದ್ರು.

"ಮಾಪ್ಳೆ, ನನ್ ಬಗ್ಗೆ ಎಳ್ದಿದ್ದೀರಂತೆ. ನಿಮ್ ಬಾಯಲ್ಲೇ ಕೇಳ್ಬೇಕು. ಓದಿ." ಬರೆಯೋದಕ್ಕೆ ಅವರು ಎಳ್ದೋದು ಅಂತಾರೆ.

ಓದ್ದೆ. ಅತ್ತೆ ಚಾಪೆ ಮೇಲೆ ಕೂತು ಕಣ್ಣು ಮುಚ್ಕೊಂಡು ಕೇಳಿದ್ರು. ಎರಡು ದೇವರು, ಎರಡು ಕನ್ನಡ ಅನ್ನೋ ಜಾಗದಲ್ಲಿ "ಅದೇ, ಅದೇ ನಾನ್ ಬಸ್ ಸ್ಟಾಪಲ್ಲಿ ಕೇಳಿದ್ದು" ಅಂದ್ರು. ಸಾಮಿ ಆಡ್ತಾರೆ ಅಂತ ಬಂದಾಗ ಕೈ ಎತ್ತಿ ಎದೆಗೆ ಮುಟ್ಟಿಸ್ಕೊಂಡ್ರು. ತೆಲುಗಿನಲ್ಲೇ ಉತ್ತರ ಕೊಡುತ್ತೆ ಅನ್ನೋದಕ್ಕೆ ತಲೆ ಆಡಿಸಿದ್ರು. ಸೀರಿಯಲ್ ಸಾಲು ನಾನು ಓದ್ಲಿಲ್ಲ. ಫೋನ್ ಆಫ್ ಮಾಡಿ "ಅಷ್ಟೇ ಅತ್ತೆ" ಅಂದೆ.

"ಎಳುತ್ತು ವರುಂ ಅಂದಿದ್ಲಲ್ಲ ಅಮ್ಮ. ಬಂತು ಪಾತ್ತೀಂಗಳಾ, ನೋಡಿದ್ರಾ?" ಅಂದು ಡಬ್ಬ ನನ್ನ ಕಡೆ ತಳ್ಳಿದ್ರು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿದ್ಲು. ಅತ್ತೆ ಹೋದ ಮೇಲೆ ಕೈ ಚಾಚಿದ್ಲು. "ಫೋನ್ ಕೊಡ್ರೀ." ಪೂರ್ತಿ ಓದಿದ್ಲು. ಕೆಳಗೆ ಜನ ಬರೆದಿದ್ದೂ ಓದಿದ್ಲು. ಸೀರಿಯಲ್ ಸಾಮಿ ಅನ್ನೋದನ್ನ ಎರಡು ಸಲ ಗಟ್ಟಿಯಾಗಿ ಓದಿದ್ಲು.

"ಇದು ಲೈನಿನ ಮಾತು ಕಣೆ. ನಾನು ಒಳ್ಳೇ ಅರ್ಥದಲ್ಲೇ..."

"ಸೀರಿಯಲ್ಲೂ ಲೈನಿನ ಮಾತಾ?"

ನಾನು ಫೋನಿಗೆ ಕೈ ಚಾಚಿದೆ.

"ನಾಟಕ ಆಡಿದ್ದು ಯಾರು ಅಂತ ನಮ್ಮಮ್ಮನ್ಗೆ ಗೊತ್ತಾಗ್ದೇ ಇರುತ್ತಾ?" ಅಂದು ಫೋನ್ ನನ್ನ ಮಡಿಲಿಗೆ ಹಾಕಿ ಒಳಗೆ ಹೋದ್ಲು.

ಮೇಷ್ಟ್ರ ಹತ್ರ ಓಡಿದೆ. ಜಗಲೀಲಿ ಕೂತು, ಅದನ್ನ ತೆಗೀಬೇಕು ಸಾ ಅಂದೆ. ಅವರು ಗಾಬರಿಯಾದ್ರು. "ಯಾಕಪ್ಪ, ಯಾರಾದ್ರೂ ಹೆದರಿಸಿದ್ರಾ? ಹೆದರ್ಬೇಡ, ನಾವೆಲ್ಲ ಇದ್ದೀವಿ."

"ಎದರ್ಸಿಲ್ಲ ಸಾ. ಮುರುಕು ತಂದ್ಕೊಟ್ರು."

ಎಲ್ಲಾ ಹೇಳ್ದೆ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಗೆ ಒರೆಸಿದ್ರು. "ಮೊದಲೇ ಹೇಳಿದ್ರೆ ನಾನೇ ಬದಲಾಯಿಸ್ತಿದ್ದೆ. ನಾನು ಕೇಳಿದ್ನಲ್ಲ" ಅಂದ್ರು. ಆಮೇಲೆ, "ಹೋಗ್ಲಿ, ಒಂದು ಮಾತು ನಿಜ ಹೇಳು. ಒತ್ತುವಾಗ ನಿನ್ನ ಮನಸಲ್ಲಿ ಯಾವ ಅರ್ಥ ಇತ್ತು?"

ಲೈನಿನ ಅರ್ಥ ಅಂತ ಹೇಳೋಕೆ ಹೋಗಿ, ಗೊತ್ತಿಲ್ಲ ಸಾ ಅಂದೆ. ಆ ಟಾಕೀಸಲ್ಲಿ ನಕ್ಕಾಗಲೇ ನನ್ನೊಳಗೆ ಆ ಪದ ಮಗ್ಗುಲು ತಿರುಗಿತ್ತೋ ಏನೋ. ಇವತ್ತಿಗೂ ಗೊತ್ತಿಲ್ಲ ನನಗೆ. ಮೇಷ್ಟ್ರು ಅವತ್ತೇ ಆ ಬರಹ ತೆಗೆದ್ರು. ತೆಗೆದ್ರೂ ಜನದ ಫೋನಲ್ಲಿ ಫೋಟೋ ಉಳ್ಕೊಂಡಿತ್ತು.

ಆಡಿ ಬರೋದ್ರೊಳಗೆ ಸೀರಿಯಲ್ ಮಾತು ಲೈನಿಗೆ ಪೂರ್ತಿ ಗೊತ್ತಾಯ್ತು. ಬಂಗಾರಪೇಟೆ ಅಂಗಡೀಲಿ ಕೆಲಸ ಮಾಡೋ ಒಬ್ಬ ಹೋಗಿ, ಕನ್ನಡದೋರು ಅದನ್ನ ಹೆಂಗೆ ಓದ್ಕೊಂಡ್ರು ಅಂತ ಬಿಡಿಸಿ ಹೇಳಿದ್ನಂತೆ. ನಲ್ಲಿ ಹತ್ರ ಯಾರೋ, "ಅಕ್ಕಾ, ಈ ಸಲ ಅಮ್ಮ ಸೀರಿಯಲ್ ಮುಗ್ಸ್ಕೊಂಡು ಬತ್ತಾಳಾ, ಮಧ್ಯದಲ್ಲೇ ಬತ್ತಾಳಾ?" ಅಂತ ತಮಾಷೆ ಮಾಡಿದ್ಲಂತೆ. ಅತ್ತೆ ಕೊಡ ತುಂಬಿಸ್ಕೊಂಡು ಬಂದ್ರಂತೆ. ಇದೆಲ್ಲ ಹೆಂಡತಿ ಹೇಳಿದ್ದು. ನನಗೆ ಮಾತ್ರ ಅತ್ತೆ ಒಂದು ಮಾತೂ ಅನ್ಲಿಲ್ಲ. ಫೋನ್ ಮಾಡಿದ್ರೆ "ಊಟ ಆಯ್ತಾ ಮಾಪ್ಳೆ" ಅಂತ ಮುಂಚಿನಂಗೇ ಕೇಳೋರು.

ಕೂಳು ಹುಯ್ಯೋ ಭಾನುವಾರ ನಾವು ಹೋದ್ವಿ. ಹೋಗ್ಬೇಡ ಅಂತ ಕಾಲು ಹೇಳ್ತಿತ್ತು, ಹೋಗ್ದಿದ್ರೆ ಇನ್ನೂ ತಪ್ಪು. ಗುಡಿ ಮುಂದೆ ಬೇವಿನ ಸೊಪ್ಪು ಕಟ್ಟಿದ್ರು. ದೊಡ್ಡ ಹಂಡೇಲಿ ಅಂಬಲಿ, ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ. ಕೆಜಿಎಫ್‌ನದ್ದೇ ಇನ್ನೊಂದು ಗಣಿ ಜಾಗ, ಮೈಸೂರು ಮೈನ್ಸ್ ಕಡೆಯಿಂದ ಒಬ್ಬ ಮುದುಕಿ ಗರ್ಭಿಣಿ ಮೊಮ್ಮಗಳನ್ನ ಕರ್ಕೊಂಡು ಬಂದು ಮುಂದೇನೇ ಕೂತಿದ್ಲು, ಅಮ್ಮನ ಬಾಯಲ್ಲಿ ಒಂದು ಒಳ್ಳೇ ಮಾತು ಕೇಳ್ಕೊಂಡು ಹೋಗ್ಬೇಕು ಅಂತ. ಅತ್ತೆ ಅರಿಶಿನದ ಸೀರೆ ಉಟ್ಕೊಂಡು ಗುಡಿ ಪಕ್ಕ ನಿಂತಿದ್ರು.

ಉಡುಕ್ಕೆ ಶುರುವಾಯ್ತು. ಯಾವಾಗಲೂ ಮೊದಲನೇ ಏಟಿಗೆ ಅತ್ತೆ ಚಪ್ಪಲಿ ಪಕ್ಕಕ್ಕೆ ಬಿಟ್ಟು ಬರಿಗಾಲಲ್ಲಿ ಮುಂದೆ ಬರೋರು. ನಾನು ಅವರ ಕಾಲನ್ನೇ ನೋಡ್ತಿದ್ದೆ. ಸದ್ದು ಏರ್ತು. ಅತ್ತೆ ಭುಜ ಒಂದು ಸಲ ಅದುರ್ತು. ಎಡಗಾಲಿನ ಚಪ್ಪಲಿ ಅರ್ಧ ಬಿಟ್ರು. ಹೆಂಗಸರು ದಾರಿ ಬಿಟ್ಟು ಸರಿದ್ರು. ಸರಿದಾಗ ಹಿಂದೆ ನಿಂತಿದ್ದ ನಾನು ಅವರಿಗೆ ನೇರ ಕಂಡೆ.

ಅತ್ತೆ ಕಾಲು ಮತ್ತೆ ಚಪ್ಪಲಿ ಒಳಗೆ ಹೋಯ್ತು.

ಬಾರಿಸೋನು ಇನ್ನೂ ಸ್ವಲ್ಪ ಹೊತ್ತು ಬಾರಿಸಿದ, ಅತ್ತೆ ಮುಖ ನೋಡಿದ, ಇನ್ನೂ ಸ್ವಲ್ಪ ಬಾರಿಸಿದ. ಆಮೇಲೆ ಅವನ ಕೈ ತಾನೇ ಮೆತ್ತಗಾಯ್ತು. ಅತ್ತೆ ಹಂಡೆ ಹತ್ರ ಹೋಗಿ ಸೌಟು ತಗೊಂಡ್ರು. "ಆರೋಯ್ತದೆ. ಚೊಂಬು ತನ್ನಿ ಎಲ್ಲಾರೂ" ಅಂದ್ರು, ಮಾಮೂಲಿ ದನೀಲಿ. ತಮಾಷೆ ಮಾಡಿದ್ಲು ಅಂದ್ನಲ್ಲ, ಆ ಹೆಂಗಸೇ ಮೊದಲು ಅತ್ತಿದ್ದು. "ಬಾಯಿ ತಪ್ಪಿ ಅಂದೆ ಅಕ್ಕಾ" ಅಂತ ಅತ್ತೆ ಕೈ ಹಿಡ್ಕೊಂಡ್ಲು. ಮೈಸೂರು ಮೈನ್ಸ್ ಮುದುಕಿ ಏನೂ ಕೇಳದೇನೇ ಮೊಮ್ಮಗಳನ್ನ ಎಬ್ಬಿಸ್ಕೊಂಡು ಹೊರಟ್ಲು. ಅತ್ತೆ ಅವರನ್ನ ನಿಲ್ಲಿಸಿ ಆ ಹುಡುಗಿ ಚೊಂಬಿಗೆ ಎರಡು ಸೌಟು ಜಾಸ್ತಿ ಹುಯ್ದ್ರು.

ಎಲ್ಲಾ ಮುಗಿದ ಮೇಲೆ ಹಂಡೆ ತೊಳೆಯೋಕೆ ನಾನು ನಲ್ಲಿಗೆ ಎತ್ಕೊಂಡು ಹೋದೆ. ಅತ್ತೆ ಜೊತೆಗೆ ಬಂದು ಕಲ್ಲಿನ ಮೇಲ್ಗಡೆ ಕೂತ್ರು. ನಾನು ತಿರುಗಿ ನೋಡ್ದೇನೇ ಹೇಳ್ದೆ. ಪದ ನಿಮ್ಮದೇ ಅತ್ತೆ, ಆದ್ರೆ ಅದನ್ನ ಜನ ಹೆಂಗೆ ಓದ್ತಾರೆ ಅಂತ ಗೊತ್ತಾದ ಮೇಲೂ ಬಿಟ್ಟೆ. ಸೀರಿಯಲ್ ಸಾಲನ್ನ ನಗ್ಸೋಕೇ ಬರೆದಿದ್ದು. ನಿಮಗೆ ಓದುವಾಗ ನುಂಗ್ಕೊಂಡೆ.

"ಗೊತ್ತು ಮಾಪ್ಳೆ. ಓದೋವಾಗ ನೀವು ಅಲ್ಲಿ ತಟಕ್ ಅಂತ ನಿಲ್ಸಿದ್ದು ಕೇಳಿಸ್ತು. ಏನೋ ಐತೆ ಅಂದ್ಕೊಂಡೆ."

"ಬೈಯ್ರಿ ಅತ್ತೆ."

"ಬೈದ್ರೆ ಅವ್ಳು ಬತ್ತಾಳಾ?" ಅತ್ತೆ ಬಗ್ಗಿ ನಲ್ಲಿ ಸಣ್ಣಗೆ ಮಾಡಿದ್ರು. "ಬಂದಿದ್ಲು. ಉಡುಕ್ಕೆ ಏಟಿಗೆ ಮೊಣಕಾಲ್ತನಕ ಬಂದಿದ್ಲು. ನಿಮ್ ಮುಖ ಕಾಣಿಸ್ತು. ಕೋಪ ಇಲ್ಲ ಮಾಪ್ಳೆ, ಸತ್ಯವಾಗ್ಲೂ ಇಲ್ಲ. ನಾನು ಆಡ್ತಿದ್ದೀನಾ ಅಂತ ನನ್ಗೇ ಒಂದು ಸಂದೇಹ. ನಿಮ್ ಕನ್ನಡದ ಆಡೋದು. ಇಷ್ಟ್ ವರ್ಷದಲ್ಲಿ ಒಂದ್ ಸಲಾನೂ ಆ ಮಾತು ನನ್ಗೆ ಅಂಗೆ ಕೇಳಿಸಿರ್ಲಿಲ್ಲ. ಸಂದೇಹ ಬಂದ್ಮೇಲೆ ಅವ್ಳು ನಿಲ್ತಾಳಾ? ಓಗ್ಬಿಟ್ಳು."

ಅತ್ತೆ ಎದ್ದು ಸೆರಗು ಕೊಡವಿ, "ಒಳ್ಗಡೆ ಬೂದಿ ಹಾಕಿ ಉಜ್ಜಿ, ತಳ ಹಿಡ್ದಿದೆ" ಅಂದು ಹೋದ್ರು.

ಆಮೇಲೆ ಗುಂಪಲ್ಲಿ ನಾನು ಸಿನಿಮಾ ಬಗ್ಗೆ ಬರೆದಿಲ್ಲ. ಆ ಸಿನಿಮಾ ಯಾವ ಕಡೆ ಅಂತ ಕೇಳಿದ್ರೆ ನಾನು ಬರೀಬೇಕಾಗಿದ್ದು ಒಂದೇ ಸಾಲು: ಒಬ್ಬ ತಾಯಿ ದೇವರು ಬಂದಾಗ ಚಪ್ಪಲಿ ಬಿಚ್ಚಿದ್ರು, ನಾವೆಲ್ಲ ನಕ್ಕಾಗ ಹಾಕ್ಕೊಂಡ್ರು. ಕಣ್ಣಾರೆ ಕಂಡಿದ್ದು ಅದು. ಅದನ್ನ ಬಿಟ್ಟು ಬೇರೆ ಎಲ್ಲಾ ಬರೆದೆ.

ಓದಿದೋರ ಹತ್ರ ಒಂದು ಕೇಳ್ಕೊಳ್ತೀನಿ. ನಿಮ್ಮ ಕಡೆ ದೇವರು ಮೈಮೇಲೆ ಬರೋದಕ್ಕೆ ಏನಂತೀರಿ? ಬರೋದು, ತುಂಬೋದು, ಆಡೋದು, ಇನ್ನೇನಾದ್ರೂ ಇದ್ರೆ ಬರೀರಿ. ನಿಮ್ಮ ಒಂದು ಮಾತು ಬೇರೆಯೋರ ಕಿವೀಲಿ ಬೇರೆ ಆಗಿ, ಅದರಿಂದ ಮನೆಯೋರ ನಂಬಿಕೆ ಯಾವತ್ತಾದ್ರೂ ಅಲ್ಲಾಡಿದೆಯಾ? ಅಲ್ಲಾಡಿದ್ದು ಮತ್ತೆ ನಿಂತಿದೆಯಾ? ನಿಂತಿದ್ರೆ ನೀವೇನು ಮಾಡಿದ್ರಿ ಅಂತ ದಯವಿಟ್ಟು ತಿಳಿಸಿ. ಮುಂದಿನ ಆಡಿಗೆ ನಾನು ಹೋಗ್ದೇ ಇದ್ರೆ ಅಮ್ಮ ಬರ್ತಾಳಾ, ಇಲ್ಲ ಹೋಗಿ ಎಲ್ಲಾರಿಗಿಂತ ಮುಂದೆ ಚಪ್ಪಲಿ ಬಿಟ್ಟು ನಿಂತ್ರೆ ಬರ್ತಾಳಾ, ನನಗೆ ಗೊತ್ತಾಗ್ತಿಲ್ಲ. ಅದಕ್ಕೆ ಮುಂಚೆ ಬರೆದ್ರೆ ಉಪಕಾರ ಆಗುತ್ತೆ.